ಹಳೆಯ ಗಣಕಯಂತ್ರ: ಕೊಳ್ಳುವುದೋ, ಬಿಡುವುದೋ?

ಕಳೆದ ತಿಂಗಳು ಒಂದು ಸಾಯಂಕಾಲ ನಮ್ಮ ಕಾರ್ಯಾಲಯಕ್ಕೆ ಪರಿಚಿತ ಗೃಹಸ್ಥರೊಬ್ಬರು ದಯಮಾಡಿಸಿದ್ದರು. ಮುಂಬಯಿಯ ಉಪನಗರವೊಂದರ ಹೋಟೆಲಿನಲ್ಲಿ ಇಪ್ಪತ್ತು ವರ್ಷಗಳಿಂದ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ದುಡಿಯುತ್ತಿರುವವರು. ಅವರ ಮಗಳು ಬಿ.ಕಾಂ. ತರಗತಿಯ ಎರಡನೆಯ ವರ್ಷದಲ್ಲಿದ್ದಾಳೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಭ್ಯಾಸಕ್ಕೆ ಮನೆಯಲ್ಲೊಂದು ಗಣಕಯಂತ್ರ ಬೇಕೆಂಬುದು ಆಕೆಯ ಬೇಡಿಕೆ. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದ ತಂದೆ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ, ಬಳಸಿದ ಡೆಸ್ಕ್‌ಟಾಪುಗಳನ್ನು ನೋಡಿ ಬಂದಿದ್ದರು. ಪರದೆ, ಕೀಲಿಮಣೆ ಸಹಿತ ಒಂದಕ್ಕೆ 6,500 ರೂಪಾಯಿ, ಮತ್ತೊಂದಕ್ಕೆ 13,000 ರೂಪಾಯಿ.

“ಎರಡೂ ಒಂದೇ ನಮೂನೆ ಕಪ್ಪು ಪೆಟ್ಟಿಗೆ. ಎರಡರ ಮೇಲೂ ಐ5 ಎಂದೇ ಬರೆದಿದೆ. ಮತ್ತೆ ಡಬ್ಬಲ್ ರೇಟು ಯಾಕೆ ಮಾರಾಯ್ರೇ?” ಎಂದು ಅವರು ಕೇಳಿದರು.

ಅವರ ಕೈಯಲ್ಲಿದ್ದುದು ಮೇ ತಿಂಗಳಲ್ಲಿ ಸಂಸಾರಸಮೇತ ಊರಿಗೆ ಹೋಗಲೆಂದು ಕೂಡಿಟ್ಟ ಹಣ. ಊರಿನಲ್ಲಿ ವೃದ್ಧೆಯಾದ ತಾಯಿ ದಾರಿ ಕಾಯುತ್ತಿದ್ದಾರೆ. ಆದುದರಿಂದ ಈ ಪ್ರಶ್ನೆಗೆ ಹಗುರವಾಗಿ ಉತ್ತರ ಹೇಳಲು ನಮಗೆ ಮನಸ್ಸಾಗಲಿಲ್ಲ.

ಹಳೆಯ ಯಂತ್ರದ ವಿಚಾರದಲ್ಲಿ ನಾವೊಮ್ಮೆ ಕೈಸುಟ್ಟುಕೊಂಡವರು. ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ಅಗ್ಗವೆಂದು ಒಂದು ಹಳೆಯ ರುಬ್ಬುವ ಯಂತ್ರವನ್ನು ತಂದಿದ್ದೆವು. ಮೋಟಾರು ಸೊಗಸಾಗಿಯೇ ತಿರುಗುತ್ತಿತ್ತು. ಆದರೆ ಕಲ್ಲು ಸವೆದಿತ್ತು. ಆ ಅಳತೆಯ ಕಲ್ಲು ಪೇಟೆಯಲ್ಲಿ ಸಿಗುವುದು ನಿಂತು ವರ್ಷಗಳಾಗಿದ್ದವು. ಯಂತ್ರವು ಇಂದು ತಿರುಗುತ್ತಿದೆಯೇ ಎಂದಷ್ಟೇ ನೋಡಿದೆವಲ್ಲದೆ, ನಾಳೆ ಅದಕ್ಕೆ ಬೇಕಾದುದು ದೊರೆಯುವುದೇ ಎಂದು ವಿಚಾರಿಸಲಿಲ್ಲ. ಗಣಕಯಂತ್ರದ ವಿಚಾರದಲ್ಲಿಯೂ ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಹಳೆಯದೆಂಬ ಕಾರಣದಿಂದಲೇ ಇವುಗಳನ್ನು ಹೀಗಳೆಯುವುದು ಸಲ್ಲದು. ಲ್ಯಾಮಿಂಗ್ಟನ್ ರಸ್ತೆಯಲ್ಲಾಗಲಿ, ದೆಹಲಿಯ ನೆಹರೂ ಪ್ಲೇಸಿನಲ್ಲಾಗಲಿ, ಚೆನ್ನೈಯ ರಿಚಿ ಸ್ಟ್ರೀಟಿನಲ್ಲಾಗಲಿ ಮಾರಾಟಕ್ಕೆ ಬರುವ ಡೆಲ್ ಆಪ್ಟಿಪ್ಲೆಕ್ಸ್, ಲೆನೊವೊ ಥಿಂಕ್‌ಸೆಂಟರ್ ಮೊದಲಾದವುಗಳಲ್ಲಿ ಬಹಳಷ್ಟು ದೊಡ್ಡ ಕಚೇರಿಗಳು ಕೆಲವು ವರ್ಷ ಬಳಸಿ ಬಿಟ್ಟುಕೊಟ್ಟವು. ದಿನವಿಡೀ ದುಡಿಯಲೆಂದೇ ಕಟ್ಟಿದ ಗಟ್ಟಿ ಯಂತ್ರಗಳವು. ಲೆಕ್ಕಪತ್ರ, ಬರವಣಿಗೆ, ಪತ್ರವ್ಯವಹಾರಗಳಿಗೆ ಅವುಗಳ ಶಕ್ತಿ ಧಾರಾಳವಾಗಿ ಸಾಕು.

ತೊಡಕಿರುವುದು ಬೇರೆಡೆಯಲ್ಲಿ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಳಿಸಿತು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅದರ ಅನಂತರದ್ದು ಆಗಬೇಕು. ಅದಕ್ಕಿಂತ ಹಿಂದಿನ ಯಂತ್ರಗಳು ಕೆಟ್ಟುಹೋಗಿಲ್ಲ. ಆದರೆ ಅವುಗಳ ಕಲ್ಲು ಪೇಟೆಯಲ್ಲಿ ಸಿಗುವುದು ನಿಂತಿದೆ. ಭದ್ರತೆಯ ತೇಪೆಗಳು ದೊರೆಯದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದೆಂದರೆ ಅಗುಳಿಯಿಲ್ಲದ ಬಾಗಿಲ ಹಿಂದೆ ಹಣವಿಟ್ಟು ಮಲಗಿದಂತೆ.

ಪೀಳಿಗೆಯನ್ನು ತಿಳಿಯುವುದು ಕಷ್ಟವಲ್ಲ. ನಮ್ಮ ಗೃಹಸ್ಥರು ಚೀಟಿಯಲ್ಲಿ ಬರೆದು ತಂದಿದ್ದ ಸಂಖ್ಯೆಗಳನ್ನೇ ನೋಡೋಣ. ಅಗ್ಗದ ಪೆಟ್ಟಿಗೆಯದು ಐ5-4570. ಮೊದಲ ಅಂಕಿ ನಾಲ್ಕು, ಅಂದರೆ ನಾಲ್ಕನೆಯ ಪೀಳಿಗೆ, 2013ರದು. ಮತ್ತೊಂದು ಐ5-8500; ಎಂಟನೆಯ ಪೀಳಿಗೆ, 2018ರದು. 10500 ಎಂದು ಐದು ಅಂಕಿಗಳಿದ್ದರೆ ಮೊದಲ ಎರಡನ್ನು ಸೇರಿಸಿ ಹತ್ತನೆಯ ಪೀಳಿಗೆಯೆಂದು ಓದಬೇಕು. ಐ5 ಎಂಬುದು ಮನೆತನದ ಹೆಸರು ಮಾತ್ರ. ವಯಸ್ಸನ್ನು ಹೇಳುವುದು ಅದರ ಮುಂದಿನ ಸಂಖ್ಯೆ. ಇಮ್ಮಡಿ ಬೆಲೆಯ ಗುಟ್ಟು ಇಷ್ಟೇ. “ಹಳೆಯದರಲ್ಲಿಯೂ ವಿಂಡೋಸ್ 11 ಹಾಕಿಕೊಡುತ್ತೇವೆ” ಎನ್ನುವ ವ್ಯಾಪಾರಿಗಳಿದ್ದಾರೆ. ಅಡ್ಡದಾರಿಯಿಂದ ಹಾಕಲು ಬರುವುದೂ ನಿಜ. ಆದರೆ ಅಂಥ ಯಂತ್ರಕ್ಕೆ ಮುಂದಿನ ತೇಪೆಗಳು ಬಂದೇ ಬರುವುವೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ.

ಹಾಗಾದರೆ ಅಗ್ಗದ್ದು ಯಾರಿಗೂ ಬೇಡವೇ? ಹಾಗಲ್ಲ. ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಉಚಿತ ವ್ಯವಸ್ಥೆಗಳು ಅಂಥ ಯಂತ್ರಗಳಲ್ಲಿ ಸುಸೂತ್ರವಾಗಿ ನಡೆಯುತ್ತವೆ, ತೇಪೆಗಳೂ ಬರುತ್ತವೆ, ಯೂನಿಕೋಡ್ ಕನ್ನಡವನ್ನು ಅವುಗಳಲ್ಲಿ ಬರೆಯಬಹುದು, ಓದಬಹುದು. ಪತ್ರ ಬರೆಯುವ, ಊರಿನ ಸುದ್ದಿ ಓದುವ ಹಿರಿಯರಿಗೆ ಅಷ್ಟು ಸಾಕು. ನಮ್ಮ ಕಾರ್ಯಾಲಯದ ಮೂಲೆಯಲ್ಲಿಯೂ ಮುದಿ ಯಂತ್ರವೊಂದಿದೆ. ಯೂನಿಕೋಡ್ ರೂಢಿಗೆ ಬರುವ ಮೊದಲಿನ ಅಕ್ಷರಶೈಲಿಗಳಲ್ಲಿ ಜೋಡಿಸಿದ ಪುಟಗಳು ಅದರಲ್ಲಿವೆ. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡವೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಆದುದರಿಂದ ಅಂತರ್ಜಾಲದ ಸಂಪರ್ಕವನ್ನು ಕಡಿದು ಅದನ್ನು ಉಳಿಸಿಕೊಂಡಿದ್ದೇವೆ. ಆದರೆ ಈ ಹುಡುಗಿ ಕಲಿಯಬೇಕಾದ ಟ್ಯಾಲಿ, ಬೆಂಗಳೂರಿನ ಸಂಸ್ಥೆಯೊಂದು ತಯಾರಿಸುವ ಆ ತಂತ್ರಾಂಶ, ವಿಂಡೋಸಿಗಾಗಿಯೇ ರಚಿತವಾದುದು. ಆಕೆಯ ಕೆಲಸವೇ ಉತ್ತರವನ್ನು ನಿರ್ಧರಿಸಿತು.

ಅಂಗಡಿಯಲ್ಲಿ ಪರೀಕ್ಷಿಸಬೇಕಾದ ಕೆಲವು ಅಂಶಗಳನ್ನು ವಾಚಕರು ಗಮನಿಸಬೇಕು. ತಿರುಗುವ ಹಾರ್ಡ್ ಡಿಸ್ಕಿಗೆ ಬದಲಾಗಿ ಎಸ್‌ಎಸ್‌ಡಿ ಇರಲಿ. ಹಳೆಯ ಯಂತ್ರಕ್ಕೆ ಮರುಜೀವ ಕೊಡುವುದರಲ್ಲಿ ಇದಕ್ಕೆ ಸಮನಾದುದಿಲ್ಲ. ಮೆಮರಿ 8 ಜಿ.ಬಿ.ಗಿಂತ ಕಡಿಮೆ ಬೇಡ. 2025ರ ಕೊನೆಯ ತಿಂಗಳುಗಳಲ್ಲಿ ಮೆಮರಿಯ ಬೆಲೆ ವಿಪರೀತವಾಗಿ ಏರಿತು. ಆದುದರಿಂದ “ಆಮೇಲೆ ಹಾಕಿಸಿಕೊಳ್ಳಿ” ಎಂಬ ಮಾತಿಗೆ ಒಪ್ಪದೆ, ಒಳಗಿರುವುದನ್ನೇ ನೋಡಿ ಕೊಳ್ಳುವುದು ಲೇಸು. ಅರ್ಧ ಗಂಟೆ ಓಡಿಸಿ ನೋಡಿ. ಫ್ಯಾನು ಅರಚುವುದೇ, ಪೆಟ್ಟಿಗೆ ಅತಿಯಾಗಿ ಕಾಯುವುದೇ ಎಂದು ಕಿವಿಯನ್ನೂ ಕೈಯನ್ನೂ ಇಟ್ಟು ಪರೀಕ್ಷಿಸಿ. ಮುಚ್ಚಳ ತೆಗೆಸಿ, ಒಳಗಿನ ಹಲಗೆಯ ಮೇಲೆ ಉಬ್ಬಿದ ಕೆಪಾಸಿಟರುಗಳಿದ್ದರೆ ಹಿಂದಿರುಗಿ ಬನ್ನಿ. ವಿಂಡೋಸಿನ ಪರವಾನಿಗೆ ಸಾಚಾ ಆಗಿರಲಿ. ಬಿಲ್ಲನ್ನೂ ಮೂರು ತಿಂಗಳ ಖಾತರಿಯನ್ನೂ ಬರಹದಲ್ಲಿ ಪಡೆಯಿರಿ. ಬಾಯಿಮಾತು ಮೆಟ್ಟಿಲಿಳಿಯುವವರೆಗೆ ಮಾತ್ರ. ಹಳೆಯದರ ಬೆಲೆ ಹೊಸದರ ಅರ್ಧವನ್ನು ಮೀರಿದರೆ ಇನ್ನಷ್ಟು ಕಾಲ ಕಾದು ಹೊಸದನ್ನೇ ಕೊಳ್ಳುವುದು ಮೇಲೆಂಬುದು ನಮ್ಮ ಅಭಿಪ್ರಾಯ.

ಮರುವಾರ ನಾವೂ ಅವರೊಡನೆ ಪೇಟೆಗೆ ಹೋದೆವು. ಎಂಟನೆಯ ಪೀಳಿಗೆಯ ಪೆಟ್ಟಿಗೆಯನ್ನು ಬಿಚ್ಚಿಸಿ, ಓಡಿಸಿ ನೋಡಿ, ಚೌಕಾಸಿ ಮಾಡಿ 12,200 ರೂಪಾಯಿಗೆ ಮುಗಿಸಿದೆವು. ಊರಿನ ಪ್ರಯಾಣ ಚೌತಿಗೆ ಮುಂದೆ ಹೋಯಿತು. ರಸ್ತೆಯ ಬದಿಯಲ್ಲಿ ನಿಂತೇ ಅವರು ತಾಯಿಗೆ ಫೋನು ಮಾಡಿದರು. ವಿಷಯ ತಿಳಿಸುವಾಗ ಅವರ ಧ್ವನಿ ಕುಗ್ಗಿದುದು ನಮಗೆ ಕೇಳಿಸಿತು. ಬಿಲ್ಲಿನಲ್ಲಿ ಕಾಣದಿದ್ದರೂ ಇದೂ ಆ ಯಂತ್ರಕ್ಕೆ ತೆತ್ತ ಬೆಲೆಯೇ. ಅಗ್ಗದ್ದನ್ನು ಕೊಂಡಿದ್ದರೆ ಮೇ ತಿಂಗಳ ಪ್ರಯಾಣವಾಗುತ್ತಿತ್ತು. ಆದರೆ ಹುಡುಗಿಯ ಅಭ್ಯಾಸಕ್ಕೆ ಇನ್ನೊಂದು ಯಂತ್ರವನ್ನು ಹುಡುಕಬೇಕಾಗುತ್ತಿತ್ತು.

ಆ ಕಡೆಯಿಂದ ತಾಯಿ ಏನೆಂದರೋ ತಿಳಿಯದು. ಗೃಹಸ್ಥರು ಫೋನನ್ನು ಕಿಸೆಗೆ ಹಾಕಿ, ಪೆಟ್ಟಿಗೆಯನ್ನು ಹೆಗಲಿಗೇರಿಸಿ, “ಚೌತಿಗೆ ಬರುವಾಗ ಇದರ ಒಂದು ಫೋಟೋ ತರಬೇಕಂತೆ” ಎಂದರು. ಇಬ್ಬರೂ ಗ್ರಾಂಟ್ ರೋಡ್ ಸ್ಟೇಷನಿನತ್ತ ನಡೆದೆವು.