ಅಂಡರ್‌ಬ್ರಿಜ್‌ಗೆ ಬೇಕಾದ ಮಳೆ ಮುನ್ಸೂಚನೆ

ಹೈದರಾಬಾದಿನ ಪಶ್ಚಿಮ ಅಂಚಿನಲ್ಲಿ ಜೋರು ಮಳೆಗೆ ಬೇಗ ನೀರು ತುಂಬುವ ಜಾಗಗಳಲ್ಲಿ ಲಿಂಗಂಪಲ್ಲಿಯ ರೈಲ್ವೆ ಅಂಡರ್‌ಬ್ರಿಜ್ ಒಂದು. ಗಚ್ಚಿಬೌಲಿ, ಹೈದರಾಬಾದ್ ವಿಶ್ವವಿದ್ಯಾಲಯದ ಕಡೆಯಿಂದ ಬರುವ ರಸ್ತೆ ಇಲ್ಲಿ ಹಳಿಗಳ ಕೆಳಗೆ ಇಳಿದು, ಆಚೆ ಮುಂಬೈ ಹೆದ್ದಾರಿಯತ್ತ ಏರುತ್ತದೆ. ಬೀದರ್ ಕಡೆಯಿಂದ ಜಹೀರಾಬಾದ್, ಸಂಗಾರೆಡ್ಡಿ ದಾಟಿ ಹೈದರಾಬಾದಿಗೆ ಬರುವವರಿಗೆ ಆ ಹೆದ್ದಾರಿ ಪರಿಚಿತ. ನೀರು ಏರಿದಾಗ ಪೊಲೀಸರು ಅಂಡರ್‌ಬ್ರಿಜ್ ಮುಚ್ಚಿ ವಾಹನಗಳನ್ನು ಬೇರೆ ದಾರಿಗೆ ತಿರುಗಿಸುತ್ತಾರೆ.

ತಗ್ಗಿನ ರಸ್ತೆ ಎಷ್ಟು ಬೇಗ ತುಂಬುತ್ತದೆ ಎಂಬುದು ಸರಳ ಲೆಕ್ಕ. ಒಂದು ಹೆಕ್ಟೇರ್ ಜಾಗದಲ್ಲಿ 50 ಮಿ.ಮೀ. ಮಳೆ ಸುರಿದರೆ 5 ಲಕ್ಷ ಲೀಟರ್ ನೀರು. ಡಾಂಬರು, ಕಾಂಕ್ರೀಟು ಹೊದ್ದ ನೆಲದಲ್ಲಿ ಅದರ ಬಹುಪಾಲು ಇಂಗದೆ ಇಳಿಜಾರಿನತ್ತ ಓಡುತ್ತದೆ. ಕಾರಿನ ಲೆಕ್ಕವೂ ಅಷ್ಟೇ ಸರಳ, ಅಷ್ಟೇ ಭಯದ್ದು. ತಳದ ವಿಸ್ತೀರ್ಣ ಸುಮಾರು 6 ಚದರ ಮೀಟರ್ ಇರುವ, ಒಂದು ಟನ್ ತೂಕದ ಸಣ್ಣ ಕಾರಿನ ತಳದಿಂದ ನೀರು 17 ಸೆಂ.ಮೀ. ಮೇಲೇರಿದರೆ ಸಾಕು, ಚಕ್ರಗಳು ನೆಲದ ಹಿಡಿತ ಕಳೆದುಕೊಳ್ಳತೊಡಗುತ್ತವೆ. ಅಂದರೆ ರಸ್ತೆಯ ಮೇಲೆ ಒಂದು ಅಡಿಗಿಂತ ತುಸು ಹೆಚ್ಚು ನೀರು. ಕೆಂಪು ಕೆಸರು ನೀರಿನಲ್ಲಿ ಆ ಆಳ ಚಾಲಕರ ಕಣ್ಣಿಗೆ ಕಾಣುವುದಿಲ್ಲ. ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ 2023ರ ಮೇ 21ರಂದು ಕಾರು ಮುಳುಗಿ ಯುವತಿಯೊಬ್ಬರು ಸತ್ತರು.

ಇಂಥ ಅಪಾಯವನ್ನು ಮೊದಲೇ ತಿಳಿಯಲು ಮಳೆಯನ್ನು ಅಳೆಯಬೇಕು. ದೂರದಿಂದಲೇ ಅಳೆಯುವ ಸಾಧನ ಡಾಪ್ಲರ್ ರೇಡಾರ್. ಹವಾಮಾನ ಇಲಾಖೆಯ ರೇಡಾರ್ ಹೈದರಾಬಾದಿನ ಬೇಗಂಪೇಟೆಯಲ್ಲಿದೆ. ಲಿಂಗಂಪಲ್ಲಿ ಅಲ್ಲಿಂದ 20 ಕಿ.ಮೀ. ಒಳಗೇ. ರೇಡಾರ್ ಕಳಿಸಿದ ಅಲೆ ಹನಿಗಳಿಗೆ ಬಡಿದು ಮರಳುತ್ತದೆ. ಮರಳುವ ಶಕ್ತಿ ಹನಿಯ ವ್ಯಾಸದ ಆರನೇ ಘಾತಕ್ಕೆ ಅನುಗುಣವಾದ್ದರಿಂದ 2 ಮಿ.ಮೀ. ಹನಿಯೊಂದು 1 ಮಿ.ಮೀ. ಹನಿಗಿಂತ 64 ಪಟ್ಟು ಪ್ರಬಲವಾಗಿ ಕಾಣುತ್ತದೆ. ಕೆಲವೇ ದಪ್ಪ ಹನಿಗಳು ಲೆಕ್ಕ ತಪ್ಪಿಸಬಹುದು. ಅದನ್ನು ಸರಿಪಡಿಸಲು ನೆಲದ ಮೇಲಿನ ಮಳೆಮಾಪಕಗಳೇ ಬೇಕು. ತೆಲಂಗಾಣದಲ್ಲಿ ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಹವಾಮಾನ ಕೇಂದ್ರಗಳಿವೆ. ಇಷ್ಟೊಂದು ಏಕೆ ಎಂಬುದಕ್ಕೆ 2020ರ ಅಕ್ಟೋಬರ್ 13–14ರ ಮಳೆ ಉತ್ತರ: ಬೇಗಂಪೇಟೆಯಲ್ಲಿ ಸುಮಾರು 19 ಸೆಂ.ಮೀ. ಬಿದ್ದರೆ, ನಗರದ ಪೂರ್ವದ ಘಟಕೇಸರ ಕಡೆ 32 ಸೆಂ.ಮೀ. ದಾಖಲಾಯಿತು. ಒಂದೇ ಮಾಪಕ ಇಡೀ ನಗರದ ಮಳೆ ಹೇಳಲಾರದು.

ರೇಡಾರ್, ಮಳೆಮಾಪಕ ಎರಡರ ಮಾಹಿತಿಯನ್ನೂ ಬೆರೆಸಿ ಮುಂದಿನ ಮೂರು ಗಂಟೆಗಳ ಮುನ್ಸೂಚನೆ ನೀಡಬಹುದು. ಆದರೆ 'ಗುಡುಗು ಸಹಿತ ಮಳೆ' ಎಂಬ ಮಾತು ಅಂಡರ್‌ಬ್ರಿಜ್ ಮುಂದೆ ನಿಂತ ಬೈಕ್ ಸವಾರನಿಗೆ ಸಾಲದು. ಅವನಿಗೆ ಬೇಕಾದದ್ದು ಈ ತಗ್ಗಿನಲ್ಲಿ ಈಗ ಎಷ್ಟು ನೀರಿದೆ, ಇನ್ನು ಹದಿನೈದು ನಿಮಿಷಕ್ಕೆ ಎಷ್ಟಾಗುತ್ತದೆ ಎಂಬ ಮಾಹಿತಿ. ಮಳೆಯ ಅಂದಾಜಿನ ಜೊತೆ ನೆಲದ ಏರುತಗ್ಗು, ಚರಂಡಿಯ ಗಾತ್ರ, ಪಂಪಿನ ಸಾಮರ್ಥ್ಯ ಸೇರಿದರೆ ಅದು ಸಿಗುತ್ತದೆ. ಹವಾಮಾನ ವಿಜ್ಞಾನ ರಸ್ತೆಗೆ ನಿಜವಾಗಿ ನೆರವಾಗುವುದು ಇಲ್ಲೇ. ಕರ್ನಾಟಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರತಿ 15 ನಿಮಿಷಕ್ಕೊಮ್ಮೆ ಮಳೆಯ ಮಾಹಿತಿ ಪಡೆಯುತ್ತದೆ, ಬೆಂಗಳೂರಿನ ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳನ್ನೂ ಬಳಸುತ್ತದೆ. ಅಂಥದೇ ಸೆನ್ಸರನ್ನು ಅಂಡರ್‌ಬ್ರಿಜ್‌ನ ಗೋಡೆಗೆ ಕೂರಿಸಿ, ನೀರು ಅರ್ಧ ಅಡಿ ಮುಟ್ಟುವ ಮೊದಲೇ ಕೆಂಪು ದೀಪ ಹತ್ತುವಂತೆ, ಅಡ್ಡಗಂಬ ಇಳಿಯುವಂತೆ ಮಾಡಲು ದೊಡ್ಡ ಸಂಶೋಧನೆಯೇನೂ ಬೇಕಿಲ್ಲ. ಅಡ್ಡಗಂಬ ಮಾತ್ರ ಇಳಿಜಾರು ಶುರುವಾಗುವ ಮೊದಲೇ, ವಾಹನ ತಿರುಗಿಸಲು ಜಾಗವಿರುವಲ್ಲಿ ಇರಬೇಕು.

ಹೆದ್ದಾರಿಯ ಅಪಾಯ ಬೇರೆ ಬಗೆಯದು. ವೇಗ ಹೆಚ್ಚಿದಂತೆ ಟೈರು ನೀರಿನ ಪದರವನ್ನು ಪಕ್ಕಕ್ಕೆ ತಳ್ಳಲಾರದೆ ಅದರ ಮೇಲೇ ತೇಲುತ್ತದೆ. ಆಗ ಬ್ರೇಕೂ ಸ್ಟೀರಿಂಗೂ ಕೆಲಸಕ್ಕೆ ಬಾರವು. ವಿಮಾನದ ಟೈರುಗಳ ಮೇಲಿನ ನಾಸಾ ಪ್ರಯೋಗಗಳಿಂದ ಬಂದ ಸೂತ್ರದ ಪ್ರಕಾರ, 32 ಪಿಎಸ್‌ಐ ಗಾಳಿಯ ಟೈರು ಹೀಗೆ ತೇಲತೊಡಗುವ ವೇಗ ಗಂಟೆಗೆ ಸುಮಾರು 94 ಕಿ.ಮೀ. ಗಾಳಿ ಕಡಿಮೆಯಿದ್ದರೆ ಇನ್ನೂ ಮೊದಲೇ ತೇಲುತ್ತದೆ. ಸವೆದ ಟೈರಿಗೆ ತೆಳು ನೀರೂ ಸಾಕು. ಫಿನ್‌ಲ್ಯಾಂಡ್ 1990ರ ದಶಕದಲ್ಲೇ ಕೋಟ್ಕಾ–ಹಾಮಿನಾ ಹೆದ್ದಾರಿಯಲ್ಲಿ ರಸ್ತೆಬದಿಯ ಹವಾಮಾನ ಕೇಂದ್ರಗಳ ಮಾಹಿತಿಯಂತೆ ವೇಗಮಿತಿಯ ಫಲಕಗಳು ಬದಲಾಗುವ ವ್ಯವಸ್ಥೆ ತಂದಿತು. ಅಲ್ಲಿನ ದೊಡ್ಡ ಚಿಂತೆ ಚಳಿಗಾಲದಲ್ಲಿ ಜಾರುವ ರಸ್ತೆ. ಪಟಾನ್‌ಚೆರು, ಸಂಗಾರೆಡ್ಡಿ ದಾಟುವ ಮುಂಬೈ ಹೆದ್ದಾರಿಗೆ ಬೇಕಾದದ್ದು ಡಾಂಬರಿನ ಮೇಲೆ ನಿಂತ ನೀರಿನ ದಪ್ಪದ ಅಳತೆ.