ಬೆಳೆಯುತ್ತಿರುವವನು, ಬೆಳೆದವನು

ಪ್ರಾಚೀನ ರೋಮ್ ನಗರದಲ್ಲಿ ಸ್ವತಂತ್ರ ಪ್ರಜೆಯ ಮಗನು ಬಾಲ್ಯದಲ್ಲಿ ಕಡುನೇರಳೆ ಅಂಚಿನ ಮೇಲುಡುಪನ್ನು ಧರಿಸುತ್ತಿದ್ದನು. ಅವನ ಕೊರಳಲ್ಲಿ 'ಬುಲ್ಲ' ಎಂಬ ತಾಯಿತವೊಂದು ತೂಗುತ್ತಿತ್ತು. ಹದಿನಾಲ್ಕರಿಂದ ಹದಿನೇಳು ವರ್ಷಗಳ ನಡುವೆ, ತಂದೆ ನಿಶ್ಚಯಿಸಿದ ದಿನದಂದು, ಅವನು ಆ ತಾಯಿತವನ್ನು ಕಳಚಿ ಮನೆದೇವತೆಗಳ ಮುಂದೆ ಇಡುತ್ತಿದ್ದನು. ಬಹಳ ಮಂದಿ ಇದಕ್ಕೆ ಮಾರ್ಚ್ 17ರ ಲಿಬರಾಲಿಯ ಹಬ್ಬವನ್ನು ಆರಿಸಿಕೊಳ್ಳುತ್ತಿದ್ದರು. ಅನಂತರ ಅಂಚಿಲ್ಲದ ಬಿಳಿಯ ಟೋಗವನ್ನು ತೊಟ್ಟು, ತಂದೆಯೊಡನೆಯೂ ಬಂಧುಮಿತ್ರರೊಡನೆಯೂ ಊರ ನಡುವಣ ಸಾರ್ವಜನಿಕ ಚೌಕವಾದ ಫೋರಮ್ಮಿಗೆ ಮೆರವಣಿಗೆಯಲ್ಲಿ ಹೋಗುತ್ತಿದ್ದನು. ಆ ಉಡುಪಿನ ಹೆಸರು 'ಪುರುಷನ ಟೋಗ' ಎಂದು. ಆದರೆ ಅದನ್ನು ತೊಟ್ಟವನನ್ನು ರೋಮನರ ಭಾಷೆಯು ಒಡನೆಯೇ 'ಪುರುಷ'ನೆಂದು ಕರೆಯಲಿಲ್ಲ. ನಿನ್ನೆಯವರೆಗೆ 'ಪುಎರ್' ಅಂದರೆ ಬಾಲಕನಾಗಿದ್ದವನು ಇಂದಿನಿಂದ 'ಅಡುಲೆಸ್ಕೆನ್ಸ್' ಆದನು. ಈ ಮಾತಿನ ನೇರವಾದ ಅರ್ಥ 'ಬೆಳೆಯುತ್ತಿರುವವನು' ಎಂದಷ್ಟೆ. ಉಡುಪು ಒಂದನ್ನು ಹೇಳಿದರೆ ಮಾತು ಇನ್ನೊಂದನ್ನು ಹೇಳುತ್ತಿತ್ತು.

ಈ ಪದವು ಹುಟ್ಟಿದ್ದು 'ಅಡೊಲೆಸ್ಕೆರೆ' ಎಂಬ ಲ್ಯಾಟಿನ್ ಕ್ರಿಯಾಪದದಿಂದ. ಲ್ಯಾಟಿನ್ ನಿಘಂಟುಗಳು ಒಂದು ಕ್ರಿಯಾಪದವನ್ನು ಕೊಡುವಾಗ ಅದರ ನಾಲ್ಕು ಮುಖ್ಯ ರೂಪಗಳನ್ನು ಸಾಲಾಗಿ ಕೊಡುತ್ತವೆ: ಅಡೊಲೆಸ್ಕೊ, ಅಡೊಲೆಸ್ಕೆರೆ, ಅಡೊಲೆವಿ, ಅಡುಲ್ಟುಮ್. 'ಬೆಳೆಯುತ್ತೇನೆ' ಎಂಬುದು ಮೊದಲನೆಯದು. 'ಬೆಳೆದೆನು' ಎಂಬುದು ಮೂರನೆಯದು. ಇದೇ ಧಾತುವಿನಿಂದ ಎರಡು ಕೃದಂತಗಳು ಸಿದ್ಧವಾಗುತ್ತವೆ. ವರ್ತಮಾನ ಕಾಲದ ಕೃದಂತ ಅಡೊಲೆಸ್ಕೆನ್ಸ್. ನಾಮಪದವಾಗಿ ಬಳಸುವಾಗ ರೋಮನರು ಇದನ್ನು ಸಾಮಾನ್ಯವಾಗಿ ಅಡುಲೆಸ್ಕೆನ್ಸ್ ಎಂದು ಬರೆಯುತ್ತಿದ್ದರು. ಭೂತಕಾಲದ ಕೃದಂತ ಅಡುಲ್ಟುಸ್, ಅಂದರೆ 'ಬೆಳೆದ'. ಸಂಸ್ಕೃತವನ್ನು ಬಲ್ಲವರಿಗೆ ಇಲ್ಲಿ ಪರಿಚಯದ ಮುಖವೊಂದು ಕಾಣಿಸಬಹುದು. ಸಂಸ್ಕೃತದ ಶತೃಪ್ರತ್ಯಯಾಂತ ಮತ್ತು ಕ್ತಪ್ರತ್ಯಯಾಂತ ರೂಪಗಳು ಲ್ಯಾಟಿನ್ನಿನ ಈ ಎರಡು ರೂಪಗಳಿಗೆ ದಾಯಾದಿಗಳೇ ಆಗಿವೆ. ಕನ್ನಡವು ಬೇರೆ ಮನೆತನದ ಭಾಷೆಯಾದರೂ 'ಬೆಳೆಯುತ್ತಿರುವ', 'ಬೆಳೆದ' ಎಂಬ ಜೋಡಿಯಿಂದ ಅದೇ ಭೇದವನ್ನು ತೋರಿಸಬಲ್ಲದು.

ಪದವನ್ನು ಇನ್ನೂ ಬಿಡಿಸಿ ನೋಡಿದರೆ ಅದರ ಒಳಗೆ ಮೂರು ಅಂಗಗಳಿವೆ. ಮುಂದಿನ 'ಅಡ್' ಎಂಬುದು ಉಪಸರ್ಗ. 'ಕಡೆಗೆ' ಎಂದು ಅದರ ಅರ್ಥ. ಕೊನೆಯ ಕಡೆಯಲ್ಲಿರುವ 'ಸ್ಕ್' ಎಂಬುದು ಒಂದು ಕ್ರಿಯೆ ಮೆಲ್ಲಮೆಲ್ಲನೆ ಆರಂಭವಾಗಿ ಮುಂದುವರಿಯುವುದನ್ನು ತಿಳಿಸುವ ಪ್ರತ್ಯಯ. ಹೂಬಿಡತೊಡಗುವುದು 'ಫ್ಲೊರೆಸ್ಕೆರೆ', ಮುಪ್ಪಿಗೆ ಸರಿಯುವುದು 'ಸೆನೆಸ್ಕೆರೆ'. ಇವೆಲ್ಲ ಒಂದೇ ದಿನದಲ್ಲಿ ಮುಗಿಯದ ಕೆಲಸಗಳು. ಈ ಎರಡರ ನಡುವೆ ಅಡಗಿರುವುದೇ ಮೂಲಧಾತು: 'ಅಲೆರೆ'. ಅದರ ಅರ್ಥ ಬೆಳೆಯುವುದು ಎಂದಲ್ಲ, ಉಣಿಸುವುದು, ಪೋಷಿಸುವುದು, ಸಾಕುವುದು ಎಂದು. ಆದುದರಿಂದ ಅಡೊಲೆಸ್ಕೆರೆ ಎಂಬ ಮಾತನ್ನು ಅಕ್ಷರಶಃ ಕನ್ನಡಿಸಿದರೆ 'ಪೋಷಣೆ ಪಡೆಯುತ್ತ ಪಡೆಯುತ್ತ ಮೇಲಕ್ಕೆ ಬರುವುದು' ಎಂದಾಗುತ್ತದೆ. ಬೆಳೆಯುವವನ ಹಿಂದೆ ಉಣಿಸುವವರೊಬ್ಬರು ಇದ್ದಾರೆ ಎಂಬ ಸಂಗತಿಯನ್ನು ಈ ಕ್ರಿಯಾಪದವು ತನ್ನ ಹೊಟ್ಟೆಯಲ್ಲಿಯೇ ಇಟ್ಟುಕೊಂಡಿದೆ.

ರೋಮನರು ಈ ಮಾತನ್ನು ಮನುಷ್ಯರಿಗೆ ಮಾತ್ರ ಮೀಸಲಾಗಿರಿಸಲಿಲ್ಲ. ಇತಿಹಾಸಕಾರನಾದ ಟ್ಯಾಸಿಟಸ್ ವಸಂತಋತು ಬಲಿಯುವುದನ್ನು ಹೇಳುವಾಗಲೂ ಇದೇ ಕ್ರಿಯಾಪದವನ್ನು ಬಳಸಿದ್ದಾನೆ; ಬೇಸಗೆ ಪೂರ್ತಿಯಾಗಿ ಕಾಲೂರಿದಾಗ ಅದನ್ನು 'ಅಡುಲ್ಟ' ಎಂದು ಕರೆದಿದ್ದಾನೆ. ಎಲ್ಲಕ್ಕಿಂತ ಸೊಗಸಾದ ಪ್ರಯೋಗವಿರುವುದು ವರ್ಜಿಲ್ ಕವಿಯ 'ಜಾರ್ಜಿಕ್ಸ್' ಎಂಬ ಕೃಷಿಕಾವ್ಯದಲ್ಲಿ. ಸುಮಾರು ಕ್ರಿ.ಪೂ. 29ರಲ್ಲಿ ಮುಗಿದ ಆ ಕಾವ್ಯದ ಎರಡನೆಯ ಭಾಗದಲ್ಲಿ ಕವಿಯು ದ್ರಾಕ್ಷಿಬಳ್ಳಿಯ ಆರೈಕೆಯನ್ನು ವಿವರಿಸುತ್ತಾನೆ. ಎಳೆಯ ಬಳ್ಳಿಯು ಹೊಸ ಚಿಗುರಿನೊಡನೆ ಬೆಳೆಯುತ್ತಿರುವಾಗ ಅದಕ್ಕೆ ಕತ್ತಿಯನ್ನು ಸೋಕಿಸಕೂಡದು. ಬೇಡವಾದ ಎಲೆಗಳನ್ನು ಬೆರಳುಗಳಿಂದ ಬಗ್ಗಿಸಿ ಅಲ್ಲೊಂದು ಇಲ್ಲೊಂದು ಚಿವುಟಬೇಕು. ಕಾಂಡ ಬಲಿತು ಆಸರೆಯ ಮರವನ್ನು ಭದ್ರವಾಗಿ ಹಿಡಿದ ಮೇಲೆಯೇ ಕೊಂಬೆ ಕತ್ತರಿಸುವ ಕಠಿಣ ಕೆಲಸಕ್ಕೆ ಕೈಹಾಕಬೇಕು ಎಂಬುದು ಅವನ ಸೂಚನೆ. ಅದಕ್ಕೆ ಮೊದಲು ಬಳ್ಳಿಯು ಕಬ್ಬಿಣಕ್ಕೆ ಹೆದರುತ್ತದೆ ಎಂದು ಅವನು ಭಾವಿಸುತ್ತಾನೆ. ಇಲ್ಲಿ ಬಳ್ಳಿಯ ಎಳೆತನಕ್ಕೆ ಕವಿ ಹೂಡಿದ ಕ್ರಿಯಾಪದವೂ ಟೋಗ ತೊಟ್ಟ ಹುಡುಗನ ಹೆಸರಿನಲ್ಲಿರುವ ಕ್ರಿಯಾಪದವೂ ಒಂದೇ. ತೋಟಗಾರಿಕೆಯ ಪಾಠವೆಂದೇ ಅದನ್ನು ಓದಬಹುದು. ಕವಿಯ ಮನಸ್ಸಿನಲ್ಲಿ ಅಷ್ಟೇ ಇತ್ತೆಂದು ನಂಬುವುದು ಮಾತ್ರ ಕಷ್ಟ.

ಅಲೆರೆ ಧಾತುವಿನ ಸಂತಾನ ದೊಡ್ಡದು. 'ಎತ್ತರದ' ಎಂಬ ಅರ್ಥದ 'ಅಲ್ಟುಸ್' ಮೂಲತಃ 'ಪೋಷಿತವಾದ' ಎಂಬ ಮಾತೇ ಆಗಿತ್ತು. ಚೆನ್ನಾಗಿ ಉಂಡದ್ದು ಎತ್ತರಕ್ಕೆ ಏರುತ್ತದಷ್ಟೆ. ಸಂತತಿಯನ್ನು ಹೇಳುವ 'ಪ್ರೊಲೆಸ್' ಇದೇ ಕುಲದ್ದು. ಪೋಷಿಸುವ ದೇವತೆಯನ್ನು 'ಅಲ್ಮ' ಎಂದು ಕರೆಯುತ್ತಿದ್ದರು. ತನ್ನದಲ್ಲದ ಮನೆಯಲ್ಲಿ ಬೆಳೆದ ಸಾಕುಮಗುವಿಗೆ 'ಅಲುಮ್ನುಸ್' ಎಂಬ ಹೆಸರಿತ್ತು. ರೋಮನರ ಸಮಾಧಿಶಿಲೆಗಳ ಮೇಲೆ ಸಾಕಿದವರೂ ಸಾಕಿಸಿಕೊಂಡವರೂ ಒಬ್ಬರಿಗೊಬ್ಬರು ಬರೆಸಿದ ಶಾಸನಗಳಲ್ಲಿ ಈ ಮಾತು ಮತ್ತೆ ಮತ್ತೆ ಕಾಣುತ್ತದೆ. ಇಂದು ಕಾಲೇಜುಗಳ 'ಅಲ್ಯುಮ್ನಿ' ಸಂಘಗಳು ಹೊತ್ತಿರುವ ಹೆಸರು ಅದೇ. ಕನ್ನಡದಲ್ಲಿ ಅದನ್ನು 'ಹಳೆಯ ವಿದ್ಯಾರ್ಥಿಗಳ ಸಂಘ' ಎನ್ನುವಾಗ ಕಳೆದ ಕಾಲ ಉಳಿದುಕೊಂಡು, ಉಣಿಸಿದ ಕೈ ಮರೆಯಾಗುತ್ತದೆ.

ಈ ಕುಲದಲ್ಲಿ ಇನ್ನೊಂದು ಮಾತಿದೆ: 'ಅಲಿಮೆಂಟ', ಅಂದರೆ ಪೋಷಣೆಯ ವೆಚ್ಚ. ಕ್ರಿ.ಶ. 98ರಿಂದ 117ರವರೆಗೆ ಆಳಿದ ಟ್ರಾಜನ್ ಚಕ್ರವರ್ತಿಯ ಕಾಲದಲ್ಲಿ ಇಟಲಿಯ ಊರುಗಳಲ್ಲಿ ಮಕ್ಕಳ ಪೋಷಣೆಗೆಂದು ಒಂದು ಯೋಜನೆ ನಡೆಯಿತು. ಚಕ್ರವರ್ತಿಯ ನಿಧಿಯಿಂದ ಭೂಮಾಲೀಕರಿಗೆ ಜಮೀನಿನ ಆಧಾರದ ಮೇಲೆ ಸಾಲ ಕೊಡುವುದು, ಅದರ ಬಡ್ಡಿಯನ್ನು ಆಯಾ ಊರಿನ ಮಕ್ಕಳಿಗೆ ಹಂಚುವುದು ಇದರ ಕ್ರಮ. ಉತ್ತರ ಇಟಲಿಯ ವೆಲೇಯ ಎಂಬ ಊರಿನ ಲೆಕ್ಕವು ಒಂದು ಭಾರಿ ಕಂಚಿನ ಫಲಕದ ಮೇಲೆ ಕೊರೆದಿದ್ದು, 1747ರಲ್ಲಿ ಅದು ಮಣ್ಣಿನಿಂದ ಹೊರಬಂದಿತು. ಈಗ ಅದು ಪಾರ್ಮ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅದರ ಪ್ರಕಾರ ಗಂಡು ಮಗುವಿಗೆ ತಿಂಗಳಿಗೆ 16 ಸೆಸ್ಟರ್ಸ್ ನಾಣ್ಯಗಳು, ಹೆಣ್ಣು ಮಗುವಿಗೆ 12. ವಿವಾಹಿತ ದಂಪತಿಗಳ ಮಕ್ಕಳಲ್ಲಿ ಈ ನೆರವನ್ನು ಪಡೆದ ಗಂಡುಮಕ್ಕಳು 245 ಮಂದಿ. ಹೆಣ್ಣುಮಕ್ಕಳು ಕೇವಲ 34. ಗಂಡಿಗೆ ದೊರೆಯುವ ಮೊತ್ತ ಹೆಚ್ಚಾದುದರಿಂದ ಕುಟುಂಬಗಳು ಮಗನ ಹೆಸರನ್ನೇ ಬರೆಸಿರಬಹುದೆಂದು ವಿದ್ವಾಂಸರು ಊಹಿಸುತ್ತಾರೆ. ಊಹೆ ಸರಿಯಿರಲಿ, ಇಲ್ಲದಿರಲಿ, ಬೆಳೆಯಲು ಬೇಕಾದ ಪೋಷಣೆಯನ್ನು ಯಾರಿಗೆ ಎಷ್ಟು ಅಳೆದರೆಂಬುದನ್ನು ಆ ಕಂಚಿನ ಫಲಕವು ಮುಚ್ಚುಮರೆಯಿಲ್ಲದೆ ಹೇಳುತ್ತದೆ.

'ಬೆಳೆಯುತ್ತಿರುವವನು' ಎಂಬ ಹೆಸರು ಯಾವ ವಯಸ್ಸಿನವರೆಗೆ ಸಲ್ಲುತ್ತಿತ್ತು ಎಂಬ ಪ್ರಶ್ನೆಗೆ ಬರುವ ಉತ್ತರ ಇಂದಿನವರಿಗೆ ವಿಚಿತ್ರವಾಗಿ ತೋರಬಹುದು. ಕ್ರಿ.ಪೂ. ಒಂದನೆಯ ಶತಮಾನದ ಮಹಾವಿದ್ವಾಂಸನಾದ ವಾರ್ರೋ ಮನುಷ್ಯನ ಆಯುಸ್ಸನ್ನು ಹದಿನೈದು ಹದಿನೈದು ವರ್ಷಗಳ ಪಾಲುಗಳಾಗಿ ವಿಂಗಡಿಸಿದ್ದನೆಂದು ಮುಂದೆ ಕ್ರಿ.ಶ. 238ರಲ್ಲಿ ಬರೆದ ಸೆನ್ಸೊರಿನಸ್ ತಿಳಿಸುತ್ತಾನೆ. ಹದಿನೈದರವರೆಗೆ ಬಾಲಕ, ಮೂವತ್ತರವರೆಗೆ ಅಡುಲೆಸ್ಕೆನ್ಸ್, ಅಲ್ಲಿಂದ ನಲವತ್ತೈದರವರೆಗೆ ಯುವಕ! ಬಳಕೆಯ ಮಾತು ಈ ಗೆರೆಯನ್ನೂ ದಾಟುತ್ತಿತ್ತು. ಕ್ರಿ.ಪೂ. 63ರಲ್ಲಿ ಕಾನ್ಸಲ್ ಎಂಬ ಅತ್ಯುನ್ನತ ಅಧಿಕಾರಸ್ಥಾನದಲ್ಲಿದ್ದಾಗ ವಾಗ್ಮಿ ಸಿಸೆರೋಗೆ 43 ವರ್ಷ ವಯಸ್ಸು. ಆದರೂ ಮುಪ್ಪಿನಲ್ಲಿ, ಕ್ರಿ.ಪೂ. 44ರಲ್ಲಿ, ಆ ದಿನಗಳನ್ನು ನೆನೆಯುವಾಗ ಅವನು ತನ್ನನ್ನು ಅಡುಲೆಸ್ಕೆನ್ಸ್ ಎಂದೇ ಕರೆದುಕೊಂಡಿದ್ದಾನೆ. ಅದೇ 63ರಲ್ಲಿ ಪ್ರಧಾನ ಪುರೋಹಿತ ಪದವಿಗೆ ನಡೆದ ಚುನಾವಣೆಯಲ್ಲಿ ವೃದ್ಧನಾದ ಕ್ಯಾಟುಲಸ್ ಜೂಲಿಯಸ್ ಸೀಸರನಿಗೆ ಸೋತನು. ಆ ಅವಮಾನವನ್ನು ವರ್ಣಿಸುವ ಇತಿಹಾಸಕಾರ ಸಲ್ಲಸ್ಟ್, ಮೂವತ್ತೈದನ್ನು ದಾಟಿದ್ದ ಸೀಸರನನ್ನು 'ಅಡುಲೆಸ್ಕೆಂಟುಲುಸ್' ಎನ್ನುತ್ತಾನೆ. 'ಪುಟ್ಟ ಹುಡುಗ' ಎಂದಂತೆ. ಈ ಹೆಸರು ಹುಟ್ಟಿದ ವರ್ಷವನ್ನು ಎಣಿಸಿ ಕೊಟ್ಟದ್ದಲ್ಲ. ಹಿರಿಯರ ಸಾಲಿನಲ್ಲಿ ಇವನ ಸ್ಥಾನ ಎಲ್ಲಿ ಎಂಬುದನ್ನು ನೋಡಿ ಕೊಟ್ಟದ್ದು. ರೋಮನ್ ಕಾನೂನಿನಲ್ಲಂತೂ ತಂದೆ ಬದುಕಿರುವವರೆಗೆ ಮಗನು, ಎಷ್ಟೇ ವಯಸ್ಸಾಗಿದ್ದರೂ, ತಂದೆ ಬಿಡುಗಡೆ ಮಾಡದ ಹೊರತು ಅವನ ಅಧಿಕಾರಕ್ಕೆ ಒಳಪಟ್ಟವನೇ ಆಗಿರುತ್ತಿದ್ದನು.

ಆದರೂ ಸಿಸೆರೋವಿನಂಥವರಿಗೆ ಬೆಳೆಯುವ ದಾರಿ ತೆರೆದಿತ್ತು. ಅದು ಮುಚ್ಚಿಯೇ ಇದ್ದವರು ಗುಲಾಮರು. ಗುಲಾಮನನ್ನು, ಅವನ ತಲೆ ನರೆತಿದ್ದರೂ, ಒಡೆಯನು 'ಪುಎರ್' ಎಂದೇ ಕೂಗುತ್ತಿದ್ದನು. ಹಳೆಯ ಕಾಲದಲ್ಲಿ ಗುಲಾಮರಿಗೆ 'ಮಾರ್ಕಿಪೊರ್' ಎಂಬಂಥ ಹೆಸರುಗಳಿದ್ದವು. ಅದರ ಅರ್ಥ 'ಮಾರ್ಕುಸನ ಹುಡುಗ' ಎಂದು. ಅಂಥವನಿಗೆ ಟೋಗವೂ ಇಲ್ಲ, ಮೆರವಣಿಗೆಯೂ ಇಲ್ಲ. ಮೈ ಬೆಳೆದರೂ ಹೆಸರು ಬೆಳೆಯಲಿಲ್ಲ. ಇದನ್ನು ಓದಿದಾಗ ಕನ್ನಡ ನಾಡಿನ ಹೋಟೆಲುಗಳಲ್ಲಿ ಬಡಿಸುವವನನ್ನು, ಅವನು ಮೊಮ್ಮಕ್ಕಳನ್ನು ಕಂಡವನಾಗಿದ್ದರೂ, 'ಮಾಣಿ' ಎಂದು ಕರೆಯುತ್ತಿದ್ದುದು ನೆನಪಾಗದಿರದು. ಮಾಣಿ ಎಂದರೂ ಹುಡುಗನೆಂದೇ ಅರ್ಥ.

ಹೆಣ್ಣುಮಕ್ಕಳ ಪಾಡು ಬೇರೊಂದು ಬಗೆಯದು. ಅಡುಲೆಸ್ಕೆನ್ಸ್ ಎಂಬ ಪದ ವ್ಯಾಕರಣದಲ್ಲಿ ಎರಡು ಲಿಂಗಗಳಿಗೂ ಸಲ್ಲುತ್ತದೆ. ನಾಟಕಕಾರ ಟೆರೆನ್ಸ್ ಅದನ್ನು ಸ್ತ್ರೀಯರಿಗೂ ಬಳಸಿದ್ದುಂಟು. ಆದರೆ ಬದುಕಿನಲ್ಲಿ ಆ ನಡುವಣ ಕಾಲವೇ ಅವರಿಗೆ ಹೆಚ್ಚಾಗಿ ದೊರೆಯುತ್ತಿರಲಿಲ್ಲ. ಕಾನೂನಿನಂತೆ ಹನ್ನೆರಡು ತುಂಬಿದ ಹುಡುಗಿಗೆ ಮದುವೆಯಾಗಬಹುದಿತ್ತು. ಮದುವೆಗೆ ಮುನ್ನ ಅವಳು ತನ್ನ ಗೊಂಬೆಗಳನ್ನು ದೇವತೆಗಳಿಗೆ ಒಪ್ಪಿಸುತ್ತಿದ್ದಳು. ಬಾಲೆ ಎನಿಸಿಕೊಂಡವಳು ಮರುದಿನವೇ ಗೃಹಿಣಿ. 1889ರಲ್ಲಿ ರೋಮಿನ ಟೈಬರ್ ನದಿಯ ಬಳಿ ನ್ಯಾಯಾಲಯ ಭವನದ ಅಡಿಪಾಯವನ್ನು ತೋಡುತ್ತಿದ್ದಾಗ ಕ್ರಿ.ಶ. ಎರಡನೆಯ ಶತಮಾನದ ಒಂದು ಕಲ್ಲಿನ ಶವಪೆಟ್ಟಿಗೆ ಸಿಕ್ಕಿತು. ಅದರಲ್ಲಿದ್ದವಳು ಕ್ರೆಪೆರೆಯ ಟ್ರಿಫೇನ ಎಂಬ ತರುಣಿ. ಅವಳ ಪಕ್ಕದಲ್ಲಿ ದಂತದ ಗೊಂಬೆಯೊಂದಿತ್ತು. ಅದರ ಕೈಕಾಲುಗಳು ಕೀಲುಗಳಲ್ಲಿ ಬಾಗುತ್ತಿದ್ದವು. ಗೊಂಬೆಯನ್ನು ಯಾವ ದೇವತೆಗೂ ಒಪ್ಪಿಸದೆ ಉಳಿಸಿಕೊಂಡಿದ್ದಳಾದುದರಿಂದ ಅವಳು ಮದುವೆಗೆ ಮುಂಚೆಯೇ ತೀರಿಕೊಂಡಿರಬೇಕೆಂದು ತಿಳಿದವರು ಹೇಳುತ್ತಾರೆ.

ರೋಮ್ ಸಾಮ್ರಾಜ್ಯ ಅಳಿದ ಮೇಲೂ ಈ ಕ್ರಿಯಾಪದದ ಎರಡು ಕೃದಂತಗಳು ಉಳಿದುಕೊಂಡವು. ಇಂಗ್ಲಿಷಿನಲ್ಲಿ ಒಂದು 'ಅಡೊಲೆಸೆಂಟ್' ಆಯಿತು, ಇನ್ನೊಂದು 'ಅಡಲ್ಟ್'. ಒಂದೇ ಕ್ರಿಯಾಪದದ ಮಕ್ಕಳೆಂಬುದು ಮರೆತುಹೋಗಿ, ಅವು ಎರಡು ಬೇರೆ ಜಾತಿಯ ಜನರ ಹೆಸರುಗಳಂತೆ ಕೇಳಿಸತೊಡಗಿದವು. 1904ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟಾನ್ಲಿ ಹಾಲ್ ಈ ವಯಸ್ಸನ್ನು ಕುರಿತು ಎರಡು ದೊಡ್ಡ ಸಂಪುಟಗಳನ್ನು ಪ್ರಕಟಿಸಿ, ಅದನ್ನು ಬಿರುಗಾಳಿಯ ಕಾಲವೆಂದು ಚಿತ್ರಿಸಿದನು. ಬಿರುಗಾಳಿ ಅನುಭವದಲ್ಲಿ ಇರಬಹುದು. ಆ ಪದದ ಧಾತುವಿನಲ್ಲಿ ಇಲ್ಲ. ಧಾತುವಿನಲ್ಲಿರುವುದು ಅನ್ನ.

ಕನ್ನಡವು ಈ ಎರಡು ಮಾತುಗಳಿಗೆ ಎರಡು ಬೇರೆ ಮೂಲಗಳಿಂದ ಪದಗಳನ್ನು ತಂದುಕೊಂಡಿದೆ. ಅಡಲ್ಟ್ ಎಂಬುದಕ್ಕೆ ಸಂಸ್ಕೃತದ 'ವಯಸ್ಕ' ಬಂದಿತು. ವಯಸ್ಕರ ಶಿಕ್ಷಣ, ವಯಸ್ಕ ಮತದಾನ ಎಂಬ ಮಾತುಗಳು ಎಲ್ಲರಿಗೂ ಪರಿಚಿತ. ಭಾರತದಲ್ಲಿ ಮತದಾನದ ವಯಸ್ಸು ಮೊದಲು 21 ಆಗಿತ್ತು. ಸಂವಿಧಾನದ 61ನೆಯ ತಿದ್ದುಪಡಿಯಿಂದ, 1989ರ ಮಾರ್ಚ್ 28ರಂದು, ಅದು 18ಕ್ಕೆ ಇಳಿಯಿತು. ಹೀಗೆ ಹದಿನೆಂಟು ದಾಟಿದ ಲಕ್ಷಾಂತರ ಮಂದಿ, ಮೈಯಲ್ಲಿ ಯಾವ ಬದಲಾವಣೆಯೂ ಆಗದೆ, ಒಂದೇ ದಿನದಲ್ಲಿ 'ಬೆಳೆದವರು' ಆದರು. ಅಡೊಲೆಸೆಂಟ್ ವಯಸ್ಸಿಗೆ 'ಕಿಶೋರಾವಸ್ಥೆ' ಎಂಬ ಪಂಡಿತರ ಮಾತೂ ಉಂಟು. ಆದರೆ ನಾಲಗೆಗೆ ಹತ್ತಿದ್ದು 'ಹದಿಹರೆಯ'. ವಿಶ್ವ ಆರೋಗ್ಯ ಸಂಸ್ಥೆ ಈ ವಯಸ್ಸನ್ನು ಹತ್ತರಿಂದ ಹತ್ತೊಂಬತ್ತು ಎಂದು ಗುರುತಿಸುತ್ತದೆ. ಇಂಗ್ಲಿಷಿನ ಎಣಿಕೆಯಲ್ಲಿ 'ಟೀನ್' ಎಂಬ ಬಾಲ ಹದಿಮೂರರಿಂದ ಹತ್ತೊಂಬತ್ತರವರೆಗೆ ಅಂಟಿಕೊಂಡಿರುತ್ತದೆ. ಕನ್ನಡದ ಎಣಿಕೆ ಇವೆರಡಕ್ಕೂ ಒಪ್ಪುವುದಿಲ್ಲ. ಹನ್ನೊಂದು, ಹನ್ನೆರಡರಲ್ಲಿ 'ಹದಿ' ಇನ್ನೂ ಬಂದಿರುವುದಿಲ್ಲ. ಹದಿಮೂರಕ್ಕೆ ಅದು ಕಾಣಿಸಿಕೊಳ್ಳುತ್ತದೆ. ಹದಿನಾಲ್ಕು, ಹದಿನೈದು ಎಂದು ಜೊತೆಯಲ್ಲಿಯೇ ನಡೆದು ಹದಿನೆಂಟಕ್ಕೆ ನಿಲ್ಲುತ್ತದೆ. ಹದಿನೆಂಟು ತುಂಬಿ, ಮತದಾರರ ಪಟ್ಟಿಗೆ ಹೆಸರು ಸೇರಬಹುದಾದ ಮರುವರ್ಷ, ಎಣಿಸುವವನ ಬಾಯಲ್ಲಿ ಬರುವುದು ಹತ್ತೊಂಬತ್ತು.