ನಾಯಿಯ ಮೊಣಕಾಲು

ನಾಯಿಯ ಮೊಣಕಾಲು ಎಲ್ಲಿದೆ? ಹೀಗೆಂದು ಕೇಳಿದರೆ ಬಹುಮಂದಿ ಹಿಂಗಾಲಿನಲ್ಲಿ ಎದ್ದು ಕಾಣುವ, ಹಿಂದಕ್ಕೆ ಚಾಚಿಕೊಂಡಿರುವ ಕೀಲನ್ನು ತೋರಿಸುತ್ತಾರೆ. ಅದು ಮೊಣಕಾಲಲ್ಲ, ಹಿಮ್ಮಡಿ. ನಾಯಿ ಬೆಕ್ಕುಗಳು ನಮ್ಮಂತೆ ಅಂಗಾಲನ್ನೂರಿ ನಡೆಯುವ ಪ್ರಾಣಿಗಳಲ್ಲ. ಅವು ಸದಾ ಬೆರಳುಗಳ ಮೇಲೆಯೇ ನಿಂತಿರುವುದರಿಂದ ಅವುಗಳ ಹಿಮ್ಮಡಿ ನೆಲವನ್ನು ಬಿಟ್ಟು ಮೇಲೆದ್ದಿದೆ. ನಿಜವಾದ ಮೊಣಕಾಲು ಇನ್ನೂ ಮೇಲಕ್ಕೆ, ಹೊಟ್ಟೆಯ ಬದಿಯಲ್ಲಿ, ಚರ್ಮದ ಮಡಿಕೆಯ ಮರೆಯಲ್ಲಿದೆ. ನಾವು ನೆಟ್ಟಗೆ ನಿಂತಾಗ ನಮ್ಮ ಮೊಣಕಾಲು ನೇರವಾಗುತ್ತದೆ. ನಾಯಿಯದಾದರೋ ನಿಂತಾಗಲೂ ಬಾಗಿಯೇ ಇರುತ್ತದೆ. ಅದು ಕುಂಟುವುದಕ್ಕೂ ಈ ಬಾಗಿಗೂ ಹತ್ತಿರದ ಸಂಬಂಧವಿದೆ.

ತೊಡೆಯ ಮೂಳೆಯ ದುಂಡನೆಯ ತುದಿ ಕಣಕಾಲಿನ ಮೂಳೆಯ ನೆತ್ತಿಯ ಮೇಲೆ ಕುಳಿತಿದೆಯಷ್ಟೆ. ಈ ನೆತ್ತಿ ಸಮತಟ್ಟಾಗಿಲ್ಲ; ಹಿಂದಕ್ಕೆ ಇಳಿಜಾರಾಗಿದೆ. ನಾಯಿಗಳಲ್ಲಿ ಈ ಇಳಿಜಾರು ಸರಾಸರಿ 24-25 ಡಿಗ್ರಿಗಳಷ್ಟು. ಆದ್ದರಿಂದ ಕಾಲಿನ ಮೇಲೆ ಭಾರ ಬಿದ್ದಾಗಲೆಲ್ಲ ತೊಡೆಯ ಮೂಳೆ ಹಿಂದಕ್ಕೆ ಜಾರಲೆಳಸುತ್ತದೆ, ಕಣಕಾಲಿನ ಮೂಳೆ ಮುಂದಕ್ಕೆ ನುಗ್ಗಲೆಳಸುತ್ತದೆ. ಇದನ್ನು ತಡೆಯುವುದು ಕೀಲಿನೊಳಗಿರುವ ಒಂದು ನಾರಿನ ಹಗ್ಗ. ಕತ್ತರಿಯ ಎರಡು ಅಲಗುಗಳಂತೆ ಒಂದನ್ನೊಂದು ಅಡ್ಡಹಾಯುವ ಎರಡು ಹಗ್ಗಗಳು ಅಲ್ಲಿವೆ. ಇವನ್ನು ಕತ್ತರಿರಜ್ಜುಗಳೆಂದು ಕರೆಯೋಣ. ಮುಂದಿನ ಕತ್ತರಿರಜ್ಜುವೇ ನಮ್ಮ ಕಥೆಯ ನಾಯಕ.

ಫುಟ್‌ಬಾಲ್ ಆಟಗಾರನಲ್ಲಿ ಈ ರಜ್ಜು ಹರಿಯುವುದು ಬಹುಮಟ್ಟಿಗೆ ಒಂದು ಕ್ಷಣದ ಅಪಘಾತದಿಂದ. ನಾಯಿಯಲ್ಲಿ ಹಾಗಲ್ಲ. ಹೆಚ್ಚಿನ ನಾಯಿಗಳಲ್ಲಿ ರಜ್ಜುವಿನ ಎಳೆಗಳು ತಿಂಗಳುಗಟ್ಟಲೆ ಒಳಗೊಳಗೇ ಸವೆದು ಸಡಿಲವಾಗಿ, ಕೊನೆಗೆ ಒಂದು ದಿನ ಅಂಗಳದಲ್ಲಿ ಸುಮ್ಮನೆ ಓಡುವಾಗ ತುಂಡಾಗುತ್ತವೆ. ಒಂದು ಕಾಲಿನಲ್ಲಿ ಹೀಗಾದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಕಾಲಿನಲ್ಲಿಯೂ ಇದೇ ಗತಿಯಾಗುತ್ತದೆ. ರಜ್ಜು ಹೋದ ಮೇಲೆ ಮೂಳೆಗಳು ಹೆಜ್ಜೆಹೆಜ್ಜೆಗೂ ಜಾರುತ್ತವೆ, ನಡುವಿನ ಅರ್ಧಚಂದ್ರಾಕಾರದ ಮೆತ್ತೆ ಸಿಕ್ಕಿಕೊಂಡು ಜಜ್ಜಿಹೋಗುತ್ತದೆ, ಕೀಲುವಾತ ಬೇರೂರುತ್ತದೆ. ಪಶುವೈದ್ಯರು ಒಂದು ಕೈಯಲ್ಲಿ ತೊಡೆಯನ್ನು ಹಿಡಿದು ಇನ್ನೊಂದರಲ್ಲಿ ಕಣಕಾಲನ್ನು ಮುಂದಕ್ಕೆ ಎಳೆದು ನೋಡುತ್ತಾರೆ. ಮೇಜಿನ ಡ್ರಾಯರಿನಂತೆ ಅದು ಮುಂದಕ್ಕೆ ಸರಿದರೆ ರಜ್ಜು ಹರಿದಿದೆಯೆಂದೇ ಅರ್ಥ.

ಇನ್ನು ಚಿಕಿತ್ಸೆ. ಹಗ್ಗ ಹರಿದರೆ ಹೊಸ ಹಗ್ಗ ಕಟ್ಟಬೇಕೆಂದು ಯಾರಿಗಾದರೂ ತೋರುವುದು ಸಹಜವೇ. 1952ರಲ್ಲಿ ಹೆಲ್ಸಿಂಕಿಯ ಸಾಕಿ ಪಾಟ್ಸಾಮಾ ಎಂಬ ಪಶುವೈದ್ಯ ವಿಜ್ಞಾನಿ ತನ್ನ ಪ್ರಬಂಧದಲ್ಲಿ ಇಂತಹ ಕ್ರಮವನ್ನು ವಿವರಿಸಿದನು. ನಾಯಿಯ ತೊಡೆಯ ಸ್ನಾಯುಗಳನ್ನು ಸುತ್ತಿರುವ ಗಟ್ಟಿ ಪೊರೆಯಿಂದ ಒಂದು ಪಟ್ಟಿಯನ್ನು ಬಿಡಿಸಿ, ಎರಡೂ ಮೂಳೆಗಳಲ್ಲಿ ಕೊರೆದ ರಂಧ್ರಗಳ ಮೂಲಕ ಅದನ್ನು ಹಾಯಿಸಿ, ಹಳೆಯ ರಜ್ಜುವಿನ ಸ್ಥಾನದಲ್ಲಿಯೇ ಬಿಗಿದುದು ಅವನ ಜಾಣ್ಮೆ. ಮುಂದೆ ಇತರರು ಕೀಲಿನ ಹೊರಗಡೆಯಿಂದಲೇ ದಪ್ಪ ನೈಲಾನ್ ದಾರವನ್ನು ಕಟ್ಟುವ ಸುಲಭ ಮಾರ್ಗವನ್ನು ಹಿಡಿದರು. ಹಗುರವಾದ ನಾಯಿಗಳಿಗೆ ಇದು ಇಂದಿಗೂ ಒಪ್ಪುವ ಚಿಕಿತ್ಸೆ. ಆದರೆ ನಾಲ್ವತ್ತು ಕಿಲೋಗ್ರಾಂ ತೂಗುವ ನಾಯಿ ದಿನವೂ ಸಾವಿರಾರು ಹೆಜ್ಜೆಗಳಿಂದ ಜಗ್ಗುವಾಗ ದಾರ ಎಷ್ಟು ದಿನ ತಡೆದೀತು?

ಅಮೆರಿಕದ ಆರಿಗನ್ ರಾಜ್ಯದ ಬಾರ್ಕ್ಲೇ ಸ್ಲೋಕಮ್ ಎಂಬ ಪಶುಶಸ್ತ್ರವೈದ್ಯನು ಪ್ರಶ್ನೆಯನ್ನೇ ತಿರುಗಿಸಿ ಕೇಳಿದನು. ದಿಣ್ಣೆಯ ಮೇಲೆ ಬಂಡಿಯೊಂದನ್ನು ಹಗ್ಗದಿಂದ ಮರಕ್ಕೆ ಕಟ್ಟಿ ನಿಲ್ಲಿಸಿದೆ ಎಂದಿಟ್ಟುಕೊಳ್ಳೋಣ. ಹಗ್ಗ ಹರಿದರೆ ಬಂಡಿ ಉರುಳುತ್ತದೆ. ಇನ್ನೂ ಗಟ್ಟಿಯಾದ ಹಗ್ಗವನ್ನು ಹುಡುಕಬಹುದು. ಅಥವಾ ದಿಣ್ಣೆಯನ್ನೇ ಕಡಿದು ನೆಲವನ್ನು ಮಟ್ಟಮಾಡಬಹುದು. ಆಗ ಹಗ್ಗದ ಹಂಗೇ ಇಲ್ಲ! ಸ್ಲೋಕಮ್ ಮಾಡಿದುದು ಎರಡನೆಯದನ್ನು. ಕಣಕಾಲಿನ ಮೂಳೆಯ ಮೇಲ್ತುದಿಯನ್ನು ಕಮಾನಿನಾಕಾರದ ಗರಗಸದಿಂದ ಕತ್ತರಿಸಿ, ಆ ತುಂಡನ್ನು ಬಟ್ಟಲಿನಲ್ಲಿ ಗುಂಡು ತಿರುಗಿಸಿದಂತೆ ಕೊಂಚ ತಿರುಗಿಸಿ, ಇಳಿಜಾರು ಸುಮಾರು 5 ಡಿಗ್ರಿಗೆ ಇಳಿದೊಡನೆ ಲೋಹದ ತಗಡು ಮತ್ತು ತಿರುಪುಗಳಿಂದ ಬಿಗಿಯುವುದು. ಹರಿದ ರಜ್ಜುವನ್ನು ಹೊಲಿಯುವ ಗೋಜೇ ಇಲ್ಲ. 1993ರಲ್ಲಿ ಪ್ರಕಟವಾದ ಈ ಕ್ರಮ ಇಂದು ದೊಡ್ಡ ನಾಯಿಗಳ ಮೊಣಕಾಲಿಗೆ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಆರೋಗ್ಯವಾದ ಮೂಳೆಯನ್ನು ಬೇಕೆಂದೇ ತುಂಡರಿಸಿ ರೋಗಿಷ್ಟ ಕೀಲನ್ನು ಉಳಿಸುವ ಈ ಉಪಾಯ, ನಮ್ಮ ಮಟ್ಟಿಗೆ, ಯಂತ್ರಶಾಸ್ತ್ರವು ವೈದ್ಯಕ್ಕೆ ಕೊಟ್ಟ ಸೊಗಸಾದ ಕಾಣಿಕೆಗಳಲ್ಲೊಂದು.

ಹಾಗೆಂದು ಕುಂಟುವ ನಾಯಿಗಳೆಲ್ಲಕ್ಕೂ ಗರಗಸ ಬೇಕಿಲ್ಲ. 1984ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಶಸ್ತ್ರಕ್ರಿಯೆಯಿಲ್ಲದೆ ವಿಶ್ರಾಂತಿಯಿಂದಲೇ ನೋಡಿಕೊಂಡ ನಾಯಿಗಳ ಪೈಕಿ 15 ಕಿಲೋಗ್ರಾಂಗಿಂತ ಹಗುರವಾದವು ನೂರಕ್ಕೆ ಸುಮಾರು 85ರಷ್ಟು ಚೇತರಿಸಿಕೊಂಡವು. ಅದಕ್ಕಿಂತ ಭಾರವಾದವುಗಳಲ್ಲಿ ನೂರಕ್ಕೆ ಸುಮಾರು 19 ಮಾತ್ರ. ಖರ್ಚಿಗೆ ಅಂಜಿ ಕುಳಿತ ಮನೆಯವರು ಈ ಎರಡು ಸಂಖ್ಯೆಗಳನ್ನು ನೆನೆಯಬೇಕು. ಶಸ್ತ್ರಕ್ರಿಯೆಯಾದ ಮೇಲೂ ಕಷ್ಟ ಮುಗಿಯದು. ಮೂಳೆ ಕೂಡಲು ಎಂಟು ವಾರಗಳಾದರೂ ಬೇಕು. ನೋವು ಕಡಿಮೆಯಾದೊಡನೆ ಜಿಗಿಯಹೊರಡುವ ನಾಯಿಯನ್ನು ಅಷ್ಟು ದಿನ ಕಟ್ಟಿಹಾಕಿ, ಹಗ್ಗ ಹಿಡಿದು ಮೆಲ್ಲಗೆ ನಡೆಸುವುದು ಶಸ್ತ್ರವೈದ್ಯನ ಕೆಲಸವಲ್ಲ, ಮನೆಯವರದು. ಮೊದಲೇ ತೊಡಗಿದ ಕೀಲುವಾತ ಪೂರ್ಣವಾಗಿ ನಿಲ್ಲುವುದೂ ಇಲ್ಲ.

ಮನುಷ್ಯವೈದ್ಯದಿಂದ ಪಶುವೈದ್ಯಕ್ಕೆ ವಿದ್ಯೆ ಹರಿದು ಬರುವುದನ್ನೇ ನಾವು ಸಾಮಾನ್ಯವಾಗಿ ಕೇಳುತ್ತೇವೆ. ಹೊಳೆ ಮೇಲಕ್ಕೆ ಹರಿದ ಪ್ರಸಂಗವೂ ಉಂಟು. ಗಾರೆಯ ಕಟ್ಟನ್ನು ನಾಯಿಗಳು ಕಚ್ಚಿ ಕಿತ್ತುಹಾಕುವುದನ್ನು ಕಂಡು, ಪೆನ್ಸಿಲ್ವೇನಿಯಾದ ಆರ್ಡ್‌ಮೋರಿನ ಪಶುವೈದ್ಯ ಆಟೊ ಸ್ಟೇಡರ್ 1930ರ ದಶಕದಲ್ಲಿ ಒಂದು ಸಾಧನವನ್ನು ರಚಿಸಿದನು. ಮುರಿದ ಮೂಳೆಯ ಎರಡು ಬದಿಗಳಲ್ಲೂ ಲೋಹದ ಕಡ್ಡಿಗಳನ್ನು ತೂರಿಸಿ, ಅವನ್ನು ಚರ್ಮದ ಹೊರಗೆ ಒಂದು ಸರಳಿನಿಂದ ಜೋಡಿಸುವುದು ಅದರ ತತ್ತ್ವ. ನ್ಯೂಯಾರ್ಕಿನ ವೈದ್ಯರು ಇದನ್ನು ಮನುಷ್ಯರ ಮೇಲೆ ಪರೀಕ್ಷಿಸಿದರು; ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯು ಗಾಯಗೊಂಡ ನಾವಿಕರಿಗೆ ಇದನ್ನು ಬಳಸಿತು.

ಸೊಂಟದ ಕೀಲಿನ ಕಥೆ ಬೇರೆ. ಅಲ್ಲಿ ತೊಡೆಯ ಮೂಳೆಯ ಗುಂಡು ತಲೆ ಒಂದು ಬಟ್ಟಲಿನಲ್ಲಿ ಆಡುತ್ತದೆ. ದೊಡ್ಡ ತಳಿಗಳಲ್ಲಿ ಈ ಬಟ್ಟಲು ಆಳವಿಲ್ಲದೆ ಬೆಳೆಯುವ ದೋಷವನ್ನು 1935ರಲ್ಲಿ ಅಮೆರಿಕದ ಗೆರಿ ಷ್ನೆಲ್ ಮೊದಲು ವರ್ಣಿಸಿದನು. ಇದು ಬಹುಪಾಲು ವಂಶದಿಂದ ಬರುವುದಾದರೂ ತಟ್ಟೆಯ ಪಾತ್ರವೂ ಇದೆ. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರ ಕೊಟ್ಟು ಜೀವಮಾನವಿಡೀ ಗಮನಿಸಿದ ಪ್ರಯೋಗದ ಫಲ 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದವುಗಳಲ್ಲಿ ಕೀಲುವಾತ ತಡವಾಗಿ ಬಂದಿತು. ಅವುಗಳ ಮಧ್ಯಾಂಕದ ಆಯುಸ್ಸು 13 ವರ್ಷ, ಉಳಿದವುಗಳದು 11.2 ವರ್ಷ.

ಸೊಂಟದ ಕೀಲು ಪೂರ್ತಿ ಕೆಟ್ಟರೆ ಲೋಹ ಮತ್ತು ಪ್ಲಾಸ್ಟಿಕ್ಕಿನ ಕೃತಕ ಕೀಲನ್ನು ಕೂಡಿಸಬಹುದು. ಅಥವಾ ಮೂಳೆಯ ತಲೆಯನ್ನೇ ಕತ್ತರಿಸಿ ತೆಗೆದುಬಿಡಬಹುದು! ಇದು ವಿಚಿತ್ರವಾಗಿ ತೋರಬಹುದು. ಆದರೆ ಮೂಳೆಗೆ ಮೂಳೆ ಉಜ್ಜುವುದು ತಪ್ಪುತ್ತದೆ. ಆ ಎಡೆಯಲ್ಲಿ ನಾರಿನ ಅಂಗಾಂಶ ಬೆಳೆದು, ಸುತ್ತಲಿನ ಸ್ನಾಯುಗಳ ಆಸರೆಯಿಂದ ಹುಸಿಕೀಲೊಂದು ಏರ್ಪಡುತ್ತದೆ. ಹಗುರವಾದ ದೇಹಕ್ಕೆ ಅಷ್ಟೇ ಸಾಕು. ಆದ್ದರಿಂದ ಬೆಕ್ಕುಗಳು ಇದರಿಂದ ತುಂಬ ಚೆನ್ನಾಗಿ ಚೇತರಿಸಿಕೊಳ್ಳುತ್ತವೆ.

ಬೆಕ್ಕಿನ ತೊಡಕು ಶಸ್ತ್ರಕ್ರಿಯೆಯಲ್ಲಲ್ಲ, ಅದಕ್ಕೆ ನೋವಿದೆಯೆಂದು ತಿಳಿಯುವುದರಲ್ಲಿದೆ. ಕೀಲುವಾತವು ಎರಡೂ ಬದಿಗಳಲ್ಲಿದ್ದಾಗ ಬೆಕ್ಕು ಕುಂಟುವುದೇ ಇಲ್ಲ. ಸುಮ್ಮನೆ ಕಡಿಮೆ ಚಲಿಸುತ್ತದೆ. ಕಿಟಕಿಗೆ ಒಂದೇ ನೆಗೆತಕ್ಕೆ ಹಾರುತ್ತಿದ್ದುದು ಈಗ ಕುರ್ಚಿಯ ಮೇಲೆ ಹತ್ತಿ ಹೋಗುತ್ತದೆ. ಬೆನ್ನಿನ ಕೂದಲನ್ನು ನೆಕ್ಕಿಕೊಳ್ಳದೆ ಗಂಟುಗಟ್ಟಿಸಿಕೊಳ್ಳುತ್ತದೆ. ಮನೆಯವರು ವಯಸ್ಸಾಯಿತೆಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ನೋವನ್ನು ಗುರುತಿಸಿ, ಮರುಕದಿಂದ ತಮ್ಮ ಡಬ್ಬಿಯಲ್ಲಿರುವ ಪ್ಯಾರಸಿಟಮಾಲ್ ಮಾತ್ರೆಯನ್ನೇ ಹಾಲಿನಲ್ಲಿ ಕಲಸಿ ಕುಡಿಸುತ್ತಾರೆ. ಈ ಔಷಧವನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಅತ್ಯಲ್ಪ. ಅದರ ರಕ್ತ ಪ್ರಾಣವಾಯುವನ್ನು ಹೊರಲಾರದೆ ಕಂದುಗಟ್ಟುತ್ತದೆ. ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲದು. ಬೆಕ್ಕಿಗೆ ಒಪ್ಪುವ ನೋವುಶಾಮಕಗಳು ಬೇರೆಯೇ ಇವೆ. ಅವನ್ನು ತೂಕ ನೋಡಿ ಅಳೆದು ಕೊಡಬೇಕಾದವರು ಪಶುವೈದ್ಯರು.